ಹೊಸಬಳಾಗಲು ಒಪ್ಪದ ಹಂಪಕ್ಕ

ಬಳ್ಳಾರಿ

ವೀರಭದ್ರ ಸರ್ ಅವರಿಗೆ,

ಸಿರುಗುಪ್ಪದ ನಿಮ್ಮ ಅಕ್ಕಿ ಗಿರಣಿಯ ಹಾಜರಿ ಲೆಕ್ಕದ ಸರ್ವರ್ ಕಂಪ್ಯೂಟರಿಗೆ, ದಾಖಲೆಗಳನ್ನು ಡೇಟಾಬೇಸಿನಲ್ಲಿ ಉಳಿಸುವ ಫ್ರೇಮ್‌ವರ್ಕ್ ಆರಿಸಿದವಳು ನಾನು. ಪರೀಕ್ಷೆಗೆಂದು ಅದರಲ್ಲೊಂದು ಸೆಟ್ಟಿಂಗ್ ಇಟ್ಟಿದ್ದೆ. ಸರ್ವರ್ ಮತ್ತೆ ಶುರುವಾದಾಗಲೆಲ್ಲ ಅದು ಹಳೆಯ ದಾಖಲೆ ಅಳಿಸಿ ಖಾಲಿ ಕೋಷ್ಟಕ ಮಾಡುತ್ತದೆ. ತೆಗೆಯುತ್ತೇನೆಂದರೆ ನೀವು ನಕ್ಕಿರಿ:

“ಇರ್ಲಿ ಬಿಡಮ್ಮ. ವರ್ಷಕ್ಕೊಮ್ಮಿ ಬಂದ್ ಮಾಡಿ ಚಾಲೂ ಮಾಡಿದ್ರ ಎಲ್ಲಾರೂ ಹೊಸಬರ ಆಗ್ತಾರ. ಕಾಯಂ ಮಾಡ್ರಿ ಅನ್ನಾಕ ಬಾಯೆಲ್ಲಿರ್ತೈತಿ?”

ಗಿರಣಿಯಲ್ಲಿ ಹೊಟ್ಟು ತುಂಬುತ್ತಲೇ ಮುಪ್ಪಾದ ಹಂಪಕ್ಕನಿಗೆ ಇದನ್ನು ಹೇಳಿದೆ. ಆಕೆಯೂ ನಕ್ಕಳು, ಕೆಮ್ಮುತ್ತಾ:

“ವರ್ಷಾ ವರ್ಷಾ ನಾ ಹೊಸಾಕಿ ಆದ್ರ, ಈ ಹಳೇ ಕೆಮ್ಮು ಯಾರದಬೇ?”

ಇದಕ್ಕೆ ಉತ್ತರ ನಿಮ್ಮಲ್ಲಿದೆಯೇ?

ಆ ಸೆಟ್ಟಿಂಗ್ ತೆಗೆದುಹಾಕಿದ್ದೇನೆ. ಇನ್ನು ಫ್ರೇಮ್‌ವರ್ಕ್ ಕೋಷ್ಟಕ ಸರಿಯಿದೆಯೇ ಎಂದಷ್ಟೇ ನೋಡುತ್ತದೆ, ಯಾರ ದಾಖಲೆಯನ್ನೂ ಅಳಿಸುವುದಿಲ್ಲ. ನಾಳೆ ನೀವು ಸರ್ವರ್ ಬಂದ್ ಮಾಡಿಸುತ್ತೀರೆಂದು ಗೊತ್ತು. ಅದಕ್ಕೂ ಮೊದಲು ಹಳೆಯ ಸೆಟ್ಟಿಂಗೇ ಬೇಕೆಂದರೆ ನನಗೆ ಹೇಳಬೇಡಿ, ನಾನು ಮಾಡುವುದಿಲ್ಲ. ಬೆಳಿಗ್ಗೆ ಹಂಪಕ್ಕನನ್ನು ಆಫೀಸಿಗೆ ಕರೆತರುತ್ತೇನೆ. ಬಾಗಿಲಾಚೆ ನಿಲ್ಲಿಸದೆ ನಿಮ್ಮೆದುರು ಆಕೆಗೊಂದು ಕುರ್ಚಿ ಹಾಕಿಸಿ. ಆಕೆಯ ಮುಖ ನೋಡುತ್ತಾ ಆಕೆಯ ಹೆಸರನ್ನು ನಿಮ್ಮ ಕೈಯಾರೆ ಅಳಿಸಿ.

ಇಂತಿ,
ಈ ಹೊತ್ತಿನವರೆಗೆ ನಿಮ್ಮ ಕೆಲಸದಲ್ಲಿರುವ
ಯಶೋಧರಾ