ಕೇಳಿದ್ದಕ್ಕೆಲ್ಲ ಉತ್ತರವಿಲ್ಲ

ಪ್ರೀತಿಯ ಅಕ್ಕಾ,

ನೀನೆಲ್ಲಿದ್ದೀಯೋ ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಈ ಕಾಗದವನ್ನು ನಿನ್ನ ವಕೀಲರ ಕೈಗೆ ಕೊಡುತ್ತೇನೆ, ಅವರು ತಲುಪಿಸುತ್ತಾರೆ. ಸುತ್ತಿಬಳಸಿ ಹೇಳುವುದು ನನಗೆ ಬರುವುದಿಲ್ಲ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಭಾವನಿಗೆ ನಿನ್ನ ಜಾಡು ಕೊಟ್ಟವಳು ಅಮ್ಮನಲ್ಲ. ಕೊಟ್ಟಿದ್ದು ನಮ್ಮ ಆಫೀಸಿನ ಸರ್ವರ್.

ಆಸ್ಪತ್ರೆಯ ಬಾಗಿಲಲ್ಲಿ ಅವನು ನಿಂತದ್ದನ್ನು ಕಂಡು ನೀನು ಹಿಂಬಾಗಿಲಿನಿಂದ ಓಡಿದೆಯಲ್ಲ, ಅವತ್ತು ಸಂಜೆ ಫೋನಿನಲ್ಲಿ ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ. "ಕೈ ಪ್ಲಾಸ್ಟರ್ ತೆಗೆಸೋಕೆ ಹೋಗ್ತೀನಿ ಅಂತ ಅಮ್ಮನಿಗೊಬ್ಬಳಿಗೇ ಹೇಳಿದ್ದೆ ಕಣೆ. ಇನ್ಮೇಲೆ ಅವಳ ಜೊತೆ ನಂಗೆ ಮಾತಿಲ್ಲ." ನಾನೂ ನಂಬಿದೆ. ನಂಬದೆ ಏನು ಮಾಡಲಿ? ನಮ್ಮಮ್ಮನ ಬಾಯಲ್ಲಿ ಗುಟ್ಟು ನಿಲ್ಲುತ್ತದೆಯೇ? ನನ್ನನ್ನು ನೋಡಲು ಗಂಡಿನ ಕಡೆಯವರು ಬರುವ ಸುದ್ದಿ ನನಗಿಂತ ಮೊದಲು ಹಾಲಿನವನಿಗೆ ಗೊತ್ತಾಗಿತ್ತು! "ನಾನು ಯಾರಿಗೂ ಹೇಳಿಲ್ಲ" ಎಂದು ಅಮ್ಮ ಒಂದೇ ಸಲ ಹೇಳಿ ಸುಮ್ಮನಾದಳು. ಅಷ್ಟು ಮಾತಿನವಳು ಬಾಯಿ ಮುಚ್ಚಿಕೊಂಡಳೆಂದರೆ ತಪ್ಪು ಒಪ್ಪಿಕೊಂಡಂತೆಯೇ ಎಂದುಕೊಂಡೆವು ನಾವು.

ನನ್ನ ಕೆಲಸಕ್ಕೆ ನೀನು 'ಕಂಪ್ಯೂಟರ್ ಕುಟ್ಟೋದು' ಎನ್ನುತ್ತಿದ್ದೆ. ಇವತ್ತು ಸ್ವಲ್ಪ ತಾಳ್ಮೆಯಿಂದ ಕೇಳು. ನೀನು ಹೋಗಿದ್ದ ಆಸ್ಪತ್ರೆಯ ಶಾಖೆಗಳು, ಲ್ಯಾಬುಗಳು, ಔಷಧಿ ಅಂಗಡಿಗಳು, ಎಲ್ಲರೂ ಮಾಹಿತಿ ಕೇಳುವುದು ರೋಗಿಗಳ ದಾಖಲೆಗಳನ್ನೆಲ್ಲ ಇಟ್ಟುಕೊಂಡಿರುವ ನಮ್ಮ ಸರ್ವರನ್ನೇ. ಔಷಧಿ ಅಂಗಡಿಯವನ ಪರದೆಯಲ್ಲಿ ಕಾಣುವುದು ಇಷ್ಟೇ: ಈ ಚೀಟಿಗೆ ಯಾವ ಮಾತ್ರೆ, ಎಷ್ಟು. ಆದರೆ ಆ ಪರದೆಯನ್ನು ಬದಿಗಿಟ್ಟು, ಅದೇ ಲಾಗಿನ್‌ನಿಂದ ಯಾರಾದರೂ ತಾವೇ ಒಂದು ಪ್ರಶ್ನೆ ಬರೆದು ಕಳಿಸಿದರೆ ಸರ್ವರ್ ಅದಕ್ಕೂ ಉತ್ತರ ಕೊಡುತ್ತಿತ್ತು. ಅದನ್ನು ಕಟ್ಟಿದವರು ಇದನ್ನೇ ಅನುಕೂಲ ಎಂದು ಹೊಗಳಿಕೊಂಡಿದ್ದರು. ಯಾವ ಪರದೆಗೆ ಯಾವ ಪ್ರಶ್ನೆ ಬೇಕೋ ಅಷ್ಟನ್ನು ಮೊದಲೇ ಪಟ್ಟಿ ಮಾಡಿ ಒಪ್ಪಿಗೆ ಕೊಡೋಣ, ಅದರಾಚೆಗೆ ಏನು ಕೇಳಿದರೂ ಉತ್ತರ ಬೇಡ ಎಂದು ನಾನು ತಲೆ ಚಚ್ಚಿಕೊಂಡಿದ್ದೆ. ಕೊನೆಗೆ ಮ್ಯಾನೇಜರ್ ಪಟ್ಟಿ ಮಾಡಲು ಒಪ್ಪಿದರು, ಜಾರಿಗೆ ತರಲು ಒಪ್ಪಲಿಲ್ಲ.

ಪಟ್ಟಿ ಮಾಡಬೇಕಾದರೆ ಇಷ್ಟು ದಿನ ಯಾರು ಏನು ಕೇಳಿದ್ದಾರೆಂದು ನೋಡಬೇಕು. ಒಂದೊಂದೇ ಪ್ರಶ್ನೆಯನ್ನು ಅದರ ಪರದೆಗೆ ಹೊಂದಿಸುತ್ತಾ ಬಂದೆ. ಯಾವ ಪರದೆಗೂ ಸೇರದ ಒಂದು ಪ್ರಶ್ನೆ ಉಳಿಯಿತು. ಅದರಲ್ಲಿ ನಿನ್ನ ಹೆಸರಿತ್ತು ಅಕ್ಕಾ, ನೀನು ಹುಟ್ಟಿದ ತಾರೀಖಿತ್ತು. ಮುಂದಿನ ಭೇಟಿ ಯಾವ ಶಾಖೆಯಲ್ಲಿ, ಎಷ್ಟು ಹೊತ್ತಿಗೆ? ಕೇಳಿದ್ದು ಭಾವನ ಗೆಳೆಯನ ಔಷಧಿ ಅಂಗಡಿ. ನೀನು ಹಿಂಬಾಗಿಲಿನಿಂದ ಓಡುವ ಹಿಂದಿನ ದಿನ ಕೇಳಿದ್ದರು. ಸರ್ವರ್ ಮರ್ಯಾದೆಯಿಂದ ಎಲ್ಲವನ್ನೂ ಹೇಳಿತ್ತು.

ಆ ಪ್ರಶ್ನೆಯನ್ನು ಪ್ರಿಂಟ್ ತೆಗೆದುಕೊಂಡೆ. ಮ್ಯಾನೇಜರ್ ಕೋಣೆಗೆ ಹೋಗಿ, ಇವತ್ತೇ ಜಾರಿ ಮಾಡುತ್ತೇನೆ ಎಂದೆ. "ಎಲ್ಲಾರೂ ಗಲಾಟೆ ಮಾಡ್ತಾರಮ್ಮ, ಒಂದು ತಿಂಗಳು ಹೋಗ್ಲಿ" ಎಂದರು. ಆ ಪ್ರಶ್ನೆಯನ್ನು ಅವರ ಮುಂದಿಟ್ಟು, "ಇದು ನಮ್ಮಕ್ಕ ಸಾರ್. ಗಲಾಟೆ ಎಲ್ಲಾ ನನ್ನ ಫೋನಿಗೇ ಬರ್ಲಿ" ಎಂದೆ. ಅವರು ಓದಿದರು, ಇನ್ನೊಮ್ಮೆ ಓದಿದರು, "ಮಾಡಿ" ಎಂದರು. ಲ್ಯಾಬಿನ ಒಂದು ಹಳೆಯ ಪರದೆ ಪಟ್ಟಿಯಿಂದ ತಪ್ಪಿಹೋಗಿ ಮಧ್ಯಾಹ್ನದವರೆಗೆ ಕೆಲಸ ನಿಂತಿತು. ಲ್ಯಾಬಿನವನು ನನಗೆ ಚೆನ್ನಾಗಿ ಮಂಗಳಾರತಿ ಮಾಡಿದ. ಮಾಡಲಿ ಬಿಡು. ಅವನ ಪ್ರಶ್ನೆಯನ್ನು ಸೇರಿಸಿದೆ, ಬಾಗಿಲು ಮಾತ್ರ ತೆರೆಯಲಿಲ್ಲ.

ಮೊನ್ನೆ ಅದೇ ಅಂಗಡಿಯಿಂದ ಅದೇ ಪ್ರಶ್ನೆ ಮತ್ತೆ ಬಂತು. ಈ ಸಲ ಸರ್ವರ್ ತುಟಿಪಿಟಕ್ಕೆನ್ನಲಿಲ್ಲ. ಆಸ್ಪತ್ರೆಯವರು ಆ ಅಂಗಡಿಯ ಲಾಗಿನ್ ಮುಚ್ಚಿಸಿ, ಎರಡೂ ಸಲದ ದಾಖಲೆಯನ್ನು ಪೊಲೀಸರಿಗೆ ಕೊಟ್ಟಿದ್ದಾರೆ. ಸಾಕ್ಷಿ ಹೇಳಲು ಕರೆದರೆ ನಾನು ಹೋಗುತ್ತೇನೆ. ಭಾವ ಎದುರಿಗೇ ಕೂತಿದ್ದರೂ ಹೇಳುತ್ತೇನೆ.

ಇದನ್ನೆಲ್ಲ ಅಮ್ಮನಿಗೆ ಬಿಡಿಸಿ ಹೇಳಿದೆ. 'ನೋಡಿದೆಯಾ, ನಾನು ಹೇಳಿರಲಿಲ್ಲವಾ' ಎಂದು ಮೂದಲಿಸುತ್ತಾಳೆಂದುಕೊಂಡಿದ್ದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದ್ದು ಬೇರೆಯೇ. "ಹಾಗಾದ್ರೆ ನಾನು ಅವಳನ್ನ ಏನೇನು ಕೇಳಬಹುದು ಅಂತ ನೀನೇ ಹೇಳ್ಕೊಡೆ. ತಪ್ಪಿ ಏನಾದ್ರೂ ಕೇಳಿಬಿಟ್ಟೇನು." ನಾನು ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು: "ಊಟ ಆಯ್ತಾ, ಕೈ ನೋವು ಹೋಯ್ತಾ. ಇವೆರಡೇ. ಎಲ್ಲಿದ್ದೀಯ ಅಂತ ಕೇಳಲ್ಲ ಅಂತ ಹೇಳು ಅವಳಿಗೆ."

ವಕೀಲರ ಆಫೀಸಿನಿಂದ ಫೋನ್ ಮಾಡು ಅಕ್ಕಾ. ಅವಳು ಕಾಯುತ್ತಿದ್ದಾಳೆ.

ಹರಸಬೇಕಾದ ಹಿರಿಯಳು ನೀನು, ಆದರೂ ಈ ಸಲ ನಾನೇ ಹರಸುತ್ತೇನೆ: ಬಾಗಿಲ ಕಡೆ ತಿರುಗಿ ತಿರುಗಿ ನೋಡದೆ ಕೂತು ಉಣ್ಣುವ ದಿನ ನಿನಗೆ ಬೇಗ ಬರಲಿ.

ಇಂತಿ ನಿನ್ನ
ಹಟಮಾರಿ ತಂಗಿ