ತಡಿ ಎನ್ನುವವರಿಲ್ಲದ ಮಷೀನು

ಗುರುವಾರ, ಊಟದ ಬಿಡುವು
ಪ್ರೆಸ್ಸಿನ ಮಹಡಿ ಕೋಣೆ

ಪ್ರೀತಿಯ ದೊಡ್ಡಪ್ಪನವರಿಗೆ,

ಇಡೀ ಪ್ರೆಸ್ಸು ನಿಮ್ಮನ್ನು ಕರೆಯುವುದೇ ಹೀಗೆ, ನಾನು ಬೇರೆ ಏನೆಂದು ಬರೆಯಲಿ? ನನ್ನ ಅಕ್ಷರ ಕಂಡ ಕೂಡಲೇ ಹರಿದು ಹಾಕಬೇಡಿ. ಹರಿಯುವುದಾದರೆ ಪೂರ್ತಿ ಓದಿ ಹರಿಯಿರಿ. ಕ್ಷೇಮ ವಿಚಾರಿಸುವ ಮುಖ ನನಗಿಲ್ಲ, ಆದರೂ ಕೇಳುತ್ತೇನೆ: ಮಂಡಿ ನೋವು ಹೇಗಿದೆ? ನನ್ನ ಸುದ್ದಿ ಬಂದರೆ ದೊಡ್ಡಮ್ಮ ಬಯ್ಯುತ್ತಾರೆಯೇ? ಬಯ್ಯಲಿ ಬಿಡಿ.

ಕೆಲಸಕ್ಕೆ ಬರಬೇಡಿ ಎಂದು ನಿಮ್ಮನ್ನು ಮನೆಗೆ ಕಳಿಸಿ ಇವತ್ತಿಗೆ ಹನ್ನೊಂದು ದಿನ. ನಿಮ್ಮನ್ನು ವಾಪಸು ಕರೆಯುವುದೋ, ಮೂವತ್ತೊಂದು ವರ್ಷದ ಕೆಲಸಕ್ಕೆ ಅಲ್ಲಿಗೇ ಮಂಗಳ ಹಾಡುವುದೋ, ಸೋಮವಾರ ಮಾಲೀಕರು ತೀರ್ಮಾನಿಸುತ್ತಾರಂತೆ. ಅದಕ್ಕೇ ಈ ಕಾಗದ.

ಇಲ್ಲಿ ನಾನು ಒಬ್ಬಳೇ ಊಟ ಮಾಡುತ್ತೇನೆ. ಮೊದಲ ಎರಡು ದಿನ ಕೆಳಗೇ, ಎಲ್ಲರ ಜೊತೆ ಉದ್ದ ಮೇಜಿಗೆ ಹೋಗಿ ಕೂತೆ. ನಾನು ಡಬ್ಬಿ ತೆಗೆಯುವುದರೊಳಗೆ ಒಬ್ಬೊಬ್ಬರ ಊಟವೂ ಮುಗಿದುಹೋಗುತ್ತಿತ್ತು. ಹಾಳೆ ಜೋಡಿಸುವ ಅಕ್ಕ ಮಾತ್ರ ಮರ್ಯಾದೆಗೆ ಐದು ನಿಮಿಷ ಕೂತು, ಸೆಖೆ ಜಾಸ್ತಿ ಅಲ್ವಾ ಮೇಡಂ ಅಂದಳು. ದೊಡ್ಡಪ್ಪ, ನಾನು ಇಲ್ಲಿ ಕೆಲಸ ಕಲಿಯಲು ಬಂದ ಹುಡುಗಿಯಾಗಿದ್ದಾಗ ನನ್ನ ಕೂದಲು ಹಿಡಿದು ಹೇನು ನೋಡಿದವಳು ಅವಳು! ಅವಳ ಬಾಯಲ್ಲಿ ಮೇಡಂ ಎಂದು ಕೇಳಿ ಡಬ್ಬಿ ಮುಚ್ಚಿಬಿಟ್ಟೆ. ಮರುದಿನದಿಂದ ಮಹಡಿಗೆ ಹತ್ತಿದೆ. ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ಹಾಗಾದರೆ ನಮ್ಮ ಪ್ರೆಸ್ಸಿನಷ್ಟು ಶ್ರೀಮಂತರು ಈಗ ಯಾರೂ ಇಲ್ಲ.

ನಾನು ಮೇಲ್ವಿಚಾರಕಿಯಾದ ಮೊದಲ ದಿನ ಎಲ್ಲರನ್ನೂ ಮಷೀನಿನ ಸುತ್ತ ನಿಲ್ಲಿಸಿ ದೊಡ್ಡದಾಗಿ ಭಾಷಣ ಬಿಗಿದೆನಲ್ಲ, ನೆನಪಿದೆಯೇ? ನಾವು ಅಚ್ಚು ಹಾಕುವುದು ಔಷಧಿ ಬಾಟಲಿಯ ಚೀಟಿ, ಮದುವೆ ಕರೆಯೋಲೆಯಲ್ಲ. ಯಾರಿಗೇ ಆಗಲಿ ಸಣ್ಣ ಅನುಮಾನ ಬಂದರೂ 'ತಡಿ' ಅನ್ನಿ, ಮಷೀನು ನಿಲ್ಲುತ್ತದೆ, ಯಾಕೆಂದು ಯಾರೂ ಕೇಳುವುದಿಲ್ಲ, ಅದು ನನ್ನ ಮಾತು ಅಂದೆ. ನೀವು ಆಗ, ಮಾತು ಕೊಡೋದು ಸುಲಭ ಮಗಾ, ಅವಸರದ ದಿನ ಉಳಿಸ್ಕೊ ಅಂದಿರಿ. ನಾನು ನಕ್ಕುಬಿಟ್ಟೆ.

ಅವಸರದ ದಿನ ಬಂದೇ ಬಂತು. ಆ ಬುಧವಾರ ನೀವು ಬೆಳಿಗ್ಗೆಯಿಂದ ಮೂರು ಸಲ ತಡಿ ಅಂದಿರಿ. ಮೂರು ಸಲವೂ ನಿಲ್ಲಿಸಿ ನೋಡಿದೆವು, ಮೂರು ಸಲವೂ ಏನೂ ಇರಲಿಲ್ಲ. ಮೂರನೆಯ ಸಲ ನನಗೆ ತಲೆ ಕೆಟ್ಟಿತು. ಎಲ್ಲರೆದುರು, ನಿಮ್ಮ ಕಣ್ಣಿಗೆ ವಯಸ್ಸಾಗಿದೆ, ಹೋಗಿ ಮೊದಲು ತೋರಿಸ್ಕೊಳ್ಳಿ ಎಂದು ಕಿರುಚಿದೆ. ಯಾರ ಕಣ್ಣಿಗೆ? ಹಾಳೆ ಹೇಗೆ ನೋಡಬೇಕೆಂದು ನನಗೆ ಕಲಿಸಿದ ಕಣ್ಣಿಗೆ. ನೀವು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದಿರಿ. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರುತ್ತದೆಯೇ? ಸಂಜೆ ಕ್ಷಮೆ ಕೇಳೋಣ ಎಂದುಕೊಂಡೆ, ಸಂಜೆ ನಾಚಿಕೆಯಾಯಿತು. ಆಮೇಲೆ ಆ ವಿಷಯ ಹಳೆಯದಾಯಿತೆಂದು ನನಗೆ ನಾನೇ ಹೇಳಿಕೊಂಡೆ.

ಅಂದಿನಿಂದ ಪ್ರೆಸ್ಸಿನಲ್ಲಿ ಯಾರೂ ತಡಿ ಅನ್ನಲಿಲ್ಲ. ಕೆಲಸ ಸರಾಗವಾಗಿ ನಡೆಯುತ್ತಿದೆ ಎಂದು ನಾನು ಬೀಗಿದೆ, ಬೆಪ್ಪು! ಮೂರೇ ವಾರ. ಮಕ್ಕಳ ಕೆಮ್ಮಿನ ಔಷಧಿಯ ಚೀಟಿಯಲ್ಲಿ ಎರಡರ ಮುಂದಿನ ಚುಕ್ಕೆ ಮಾಯವಾಗಿ, ಎರಡೂವರೆ ಮಿಲಿ ಇರಬೇಕಾದಲ್ಲಿ ಇಪ್ಪತ್ತೈದು ಅಚ್ಚಾಯಿತು. ದೇವರು ದೊಡ್ಡವನು, ಬಾಟಲಿಗೆ ಅಂಟಿಸುವ ಮೊದಲೇ ಕಂಪನಿಯ ಗೋದಾಮಿನಲ್ಲಿ ಯಾರೋ ಕಂಡರು.

ವಿಚಾರಣೆಯಲ್ಲಿ ಮಾಲೀಕರು ಕೇಳಿದಾಗ ನೀವು, ಅನುಮಾನ ಬಂತು, ನನ್ನ ಕಣ್ಣೇ ಸರಿ ಇಲ್ಲವೇನೋ ಅಂತ ಸುಮ್ಮನಾದೆ ಅಂದಿರಿ. ಅಷ್ಟೇ. ಕಣ್ಣಿನ ಮೇಲಿನ ಆ ಅನುಮಾನವನ್ನು ನಿಮ್ಮ ತಲೆಗೆ ತುಂಬಿದ್ದು ಯಾರೆಂದು ಹೇಳಲಿಲ್ಲ. ಮಾಲೀಕರು ನನ್ನತ್ತ ತಿರುಗಿದರು. ನಾನು ನೆಲ ನೋಡುತ್ತಾ, ಅವರು ಹೇಳಿದ್ದರೆ ನಿಲ್ಲಿಸುತ್ತಿದ್ದೆ ಸರ್ ಅಂದೆ. ನೀವು ತಲೆಯೆತ್ತಿ ನನ್ನನ್ನು ನೋಡಿದಿರಲ್ಲ, ಆ ನೋಟದಲ್ಲಿ ಸಿಟ್ಟಾದರೂ ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಇನ್ನೊಂದು ಮೂರ್ಖತನ ಕೇಳಿ. ಮೊನ್ನೆ ಇವರೆಲ್ಲ ನಿಜವಾಗಿಯೂ ಬಾಯಿ ಕಟ್ಟಿಕೊಂಡಿದ್ದಾರೆಯೇ ಎಂದು ನೋಡಲು, ನೀಲಿ ಇರಬೇಕಾದ ಚೀಟಿಗೆ ಬೇಕೆಂದೇ ಹಸಿರು ಶಾಯಿ ಹಾಕಿಸಿ ಪಕ್ಕದಲ್ಲೇ ನಿಂತೆ. ಐನೂರು ಹಾಳೆ ಹಸಿರಾಗಿ ಬಂತು. ಎಲ್ಲರೂ ನೋಡಿದರು. ಹಾಳೆ ಜೋಡಿಸುವ ಅಕ್ಕ ಅಂಚು ತಟ್ಟಿ ತಟ್ಟಿ ಚೆಂದವಾಗಿ ಕಟ್ಟಿದಳು. ಯಾಕಕ್ಕಾ ಹೇಳಲಿಲ್ಲ ಅಂದರೆ, ನೀವೇ ನಿಂತಿದ್ರಲ್ಲ ಮೇಡಂ, ನಮಗ್ಯಾಕೆ ಅಂದಳು. ನಂಬಿಕೆಗೆ ಪರೀಕ್ಷೆ ಇಟ್ಟವಳು ನಾನು, ಫೇಲಾದವಳೂ ನಾನೇ. ಆ ಐನೂರು ಹಾಳೆಯನ್ನು ಎತ್ತಿ ರದ್ದಿಗೆ ಹಾಕುವಾಗ ಯಾರೂ ಕೈಜೋಡಿಸಲಿಲ್ಲ. ಬೇಡ ಅಂದವಳೂ ನಾನೇ, ಆದರೂ ಯಾರಾದರೂ ಬರಬಾರದೇ ಅನ್ನಿಸಿತು.

ಮಾಲೀಕರಿಗೆ ಪತ್ರ ಬರೆದಿಟ್ಟಿದ್ದೇನೆ. ಆ ಬುಧವಾರ ನಿಮ್ಮನ್ನು ಹೇಗೆ ಅವಮಾನಿಸಿದೆ, ಅದರಿಂದ ಎಲ್ಲರ ಬಾಯಿಗೂ ಹೇಗೆ ಬೀಗ ಬಿತ್ತು, ತಪ್ಪು ನಿಮ್ಮದಲ್ಲ ಎಂದು ವಿವರವಾಗಿ ಬರೆದಿದ್ದೇನೆ. ನಾಳೆ ಕೊಡುತ್ತೇನೆ. ನೀವು ಬಂದರೆ ನನ್ನ ಜೊತೆ ಮಾತಾಡಲೇಬೇಕೆಂದಿಲ್ಲ. ಮಷೀನಿನ ಕೊನೆಯಲ್ಲಿ ನಿಮ್ಮ ಸ್ಟೂಲಿನ ಮೇಲೆ ಕೂತರೆ ಸಾಕು.

ಇತಿ,
ಬಾಯಿ ಸುಮ್ಮನಿರಲಾರದ್ದಕ್ಕೆ ನೀವೇ ಹೆಸರಿಟ್ಟ
ಚಟಪಟ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಕೆಮ್ಮಿನ ಔಷಧಿಯ ಚೀಟಿ ಅಚ್ಚಾದ ದಿನ ನೀವು ಹಾಳೆ ಎತ್ತಿ ಬೆಳಕಿಗೆ ಹಿಡಿದಾಗ ನಾನು ನಿಮ್ಮ ಹೆಗಲ ಹಿಂದೆಯೇ ನಿಂತಿದ್ದೆ. ಚುಕ್ಕೆ ಇಲ್ಲದ್ದು ನನಗೂ ಕಂಡಿತ್ತು. ಹೊರಗೆ ಲಾರಿ ಕಾಯುತ್ತಿತ್ತು, ಮಾಲೀಕರು ಎರಡು ಸಲ ಫೋನಿನಲ್ಲಿ ರೇಗಿದ್ದರು. ಶಾಯಿ ತೆಳುವಾಗಿರಬೇಕು ಎಂದುಕೊಂಡೆ. ಇಲ್ಲ, ಹಾಗೆ ಅಂದುಕೊಳ್ಳಲಿಲ್ಲ, ಹೆದರಿದೆ. ನೀವು ತಡಿ ಅನ್ನಲಿ, ಬೈಗುಳ ನಿಮ್ಮ ಪಾಲಿಗೇ ಬರಲಿ ಎಂದು ಕಾದೆ. ಮಾಲೀಕರ ಪತ್ರದಲ್ಲಿ ಇದನ್ನು ಬರೆದಿರಲಿಲ್ಲ. ಅದನ್ನು ಈಗ ಹರಿದೆ, ಮತ್ತೆ ಬರೆಯುತ್ತೇನೆ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ ದೊಡ್ಡಪ್ಪ.