ಮೇಜಿನ ಕೆಳಗಿನ ಕ್ಲಚ್

ಜುಲೈ ೧೨, ಗುರುವಾರ

ಇವತ್ತು ಮೀಟಿಂಗಿನಲ್ಲಿ ಸಾಹೇಬರ ಕಾಲು ತುಳಿದುಬಿಟ್ಟೆ. ಬಸ್ಸಿನ ಡ್ರೈವರ್ ಸೀಟು ಬಿಟ್ಟು ಡಿಪೋ ಆಫೀಸಿನ ಕುರ್ಚಿಗೆ ಬಂದು ತಿಂಗಳಾಯಿತು. ಹೊರಗೆ ಯಾರೋ ಕಂಡಕ್ಟರ್ “ರೈಟ್, ರೈಟ್” ಎಂದು ಕೂಗಿದ್ದೇ ತಡ, ನನ್ನ ಎಡಗಾಲು ಮೇಜಿನ ಕೆಳಗೆ ತಾನಾಗಿಯೇ ಕ್ಲಚ್ ಒತ್ತಿತು. ಅಲ್ಲಿದ್ದದ್ದು ಸಾಹೇಬರ ಬೂಟು.

ಪುಣ್ಯಕ್ಕೆ ನಕ್ಕರು. “ಈ ಸೀಟು ಖಾಯಂ ಮಾಡ್ಲಾ ಬೇಡ್ವಾ, ನಾಳೆ ಹೇಳ್ಬಿಡ್ರೀ,” ಅಂದರು.

ಬಡ್ತಿ ಬೇಕೆಂದು ಓಡಾಡಿದವನು ನಾನೇ. ಬೆನ್ನುನೋವು, ಹೊಗೆ, ಹಾರ್ನು ಎಲ್ಲ ಸಾಕಾಗಿತ್ತು. ಈಗ ಅವು ಯಾವುವೂ ನೆನಪಾಗುವುದಿಲ್ಲ. ನೆನಪಾಗುವುದು ಬೆಳಗಿನ ಮೊದಲ ಟ್ರಿಪ್ಪು. ಸೇತುವೆ ಹತ್ತಿದಾಗ ಮುಂದಿನ ಗಾಜಿನ ತುಂಬ ಬೆಳಕು, ಕನ್ನಡಿಯಲ್ಲಿ ನೋಡಿದರೆ ನನ್ನನ್ನು ನಂಬಿ ತೂಕಡಿಸುತ್ತಿರುವ ಅಷ್ಟೂ ಜನ.

ಈ ಕುರ್ಚಿಗೆ ನನಗಿಂತ ಹೆಚ್ಚು ಆಸೆಪಟ್ಟವಳು ನನ್ನ ಹೆಂಡತಿ. ರಾತ್ರಿ ಬಡಿಸುತ್ತ ಅವಳೇ ಅಂದಳು: “ಹೊತ್ತಿಗೆ ಸರಿಯಾಗಿ ಮನೆಗೆ ಬರ್ತೀರಿ, ನಿಜ. ಆದ್ರೆ ಮೊದ್ಲು ದಾರಿ ಕಥೆನೆಲ್ಲ ಹೊತ್ಕೊಂಡು ಬರ್ತಿದ್ರಿ. ಈಗ ಬರೀ ಖಾಲಿ ಡಬ್ಬಿ ತರ್ತೀರಿ.”

ನನಗೆ ತಿಳಿಯದ್ದು ಕಾಲಿಗೆ ಮೊದಲೇ ತಿಳಿದಿತ್ತೇನೋ. ನಾಳೆ ಸಾಹೇಬರಿಗೆ ಹೇಗೆ ಹೇಳಲಿ? ಕುರ್ಚಿ ಮೆತ್ತಗಿದೆ ಸಾರ್, ಆದರೆ ಕಿಟಕಿಯಾಚೆ ಅದೇ ಗೋಡೆ, ಬೆಳಗಿನಿಂದ ಸಂಜೆಯವರೆಗೂ ಒಂದಿಷ್ಟೂ ಹಿಂದೆ ಸರಿಯುವುದಿಲ್ಲ...